ತೋಟದ ಮನೆಯ ಹಳೆಯ ಕಂಪ್ಯೂಟರ್: ಕಡತಗಳನ್ನು ಉಳಿಸಿಕೊಂಡು ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕುವ ಬಗೆ

ಚಿಕ್ಕಮಗಳೂರು ಸೀಮೆಯ ತೋಟದ ಮನೆಗಳಲ್ಲಿ ಹಳೆಯ ಕಂಪ್ಯೂಟರಿನ ಕಡೆಗೆ ಗಮನ ಹರಿಯುವುದು ಅದು ಕೈಕೊಟ್ಟ ದಿನವೇ. ಅದು ಕೈಕೊಡುವುದು ಹೆಚ್ಚಾಗಿ ಆಷಾಢದ ಮಳೆಯಲ್ಲಿ, ಕರೆಂಟು ಹೋಗಿ ಬಂದು ಮಾಡುತ್ತಿರುವಾಗ. ಈ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಕಾಫಿ ಕೊಯ್ಲು ಮುಗಿದು, ಹೂಮಳೆಯ ಗುಡುಗು ಸಿಡಿಲು ಶುರುವಾಗುವುದಕ್ಕೆ ಮುಂಚೆ ಸಿಗುವ ಬಿಡುವಿನ ದಿನಗಳಲ್ಲಿ ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ ಲೆಕ್ಕ, ಮಳೆಯ ದಾಖಲೆ, ಮಕ್ಕಳ ಮದುವೆಯ ಫೋಟೊ ಎಲ್ಲವನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ಹತ್ತು ಹನ್ನೆರಡು ವರ್ಷದಿಂದ ಮೂಲೆಯಲ್ಲಿ ಕುಳಿತಿರುವ ಡೆಸ್ಕ್‌ಟಾಪ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಂಪ್ಯೂಟರನ್ನು ನಡೆಸುವ ವಿಂಡೋಸ್, ಲಿನಕ್ಸ್‌ನಂಥ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದು ಒಂದು ಗಂಟೆಯ ಕೆಲಸ. ಇರುವುದನ್ನೆಲ್ಲ ಹುಡುಕಿ, ನಕಲು ಮಾಡಿ, ಆ ನಕಲು ಸರಿಯಾಗಿದೆಯೇ ಎಂದು ನೋಡುವುದು ಒಂದು ಪೂರ್ತಿ ದಿನದ ಕೆಲಸ.

ಮೊದಲು ಹಾರ್ಡ್ ಡಿಸ್ಕಿನ ಆರೋಗ್ಯವನ್ನು ನೋಡಬೇಕು. ವಿಂಡೋಸ್ ಇನ್ನೂ ತೆರೆದುಕೊಳ್ಳುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್, ಅನ್‌ಕರೆಕ್ಟಬಲ್ ಸೆಕ್ಟರ್ ಎಂಬ ಮೂರು ಸಾಲುಗಳನ್ನು ಗಮನಿಸಿ. ಮೂರರ ಎದುರಿಗೂ ರಾ ವ್ಯಾಲ್ಯೂಸ್ ಕಾಲಮ್ಮಿನಲ್ಲಿ ಸೊನ್ನೆಯೇ ಇದ್ದರೆ ನಿಧಾನವಾಗಿ ಮುಂದುವರಿಯಬಹುದು. ಅಲ್ಲಿ ಅಂಕಿ ಕಾಣಿಸಿಕೊಂಡಿದ್ದರೆ, ಅದರಲ್ಲೂ ಎರಡು ದಿನದಲ್ಲಿ ಅಂಕಿ ಏರುತ್ತಿದ್ದರೆ, ಡಿಸ್ಕನ್ನು ರಿಪೇರಿ ಮಾಡುವ, ಡಿಫ್ರಾಗ್ ಮಾಡುವ (ಚದುರಿದ ಕಡತಗಳನ್ನು ಒಟ್ಟುಗೂಡಿಸುವ) ಯಾವ ಪ್ರಯತ್ನಕ್ಕೂ ಕೈಹಾಕಬೇಡಿ. ಸೋತ ಡಿಸ್ಕಿನ ಮೇಲೆ ಇವು ಇನ್ನಷ್ಟು ಭಾರ ಹೇರುತ್ತವೆ. ಇಂಥ ಡಿಸ್ಕಿನಿಂದ ಮೊದಲು ತೆಗೆಯಬೇಕಾದದ್ದು ಮತ್ತೆಲ್ಲೂ ಸಿಗದ ಚಿಕ್ಕ ಕಡತಗಳನ್ನು, ಎಂದರೆ ಲೆಕ್ಕ, ಪತ್ರ, ಫೋಟೊಗಳನ್ನು. ಸಿನಿಮಾ, ಹಾಡು ಆಮೇಲೆ. ಡಿಸ್ಕಿನೊಳಗಿಂದ ಟಕ್ ಟಕ್ ಎಂಬ ಸದ್ದು ಒಂದೇ ಲಯದಲ್ಲಿ ಕೇಳಿಸುತ್ತಿದ್ದರೆ ತಕ್ಷಣ ಆಫ್ ಮಾಡಿ, ಕಡತಗಳು ಅಷ್ಟು ಬೆಲೆಬಾಳುವುದಾದರೆ ದತ್ತಾಂಶ ಮರಳಿ ತೆಗೆಯುವುದನ್ನೇ ಕಸುಬಾಗಿಸಿಕೊಂಡವರಿಗೆ ಕೊಡಿ.

ಕಂಪ್ಯೂಟರ್ ತೆರೆದುಕೊಳ್ಳುವುದೇ ಇಲ್ಲವೆಂದಾದರೂ ಡಿಸ್ಕ್ ಹಾಳಾಗಿದೆಯೆಂದು ತೀರ್ಮಾನಿಸಬೇಕಿಲ್ಲ. ನಮ್ಮ ಮಲೆನಾಡಿನ ತೇವಕ್ಕೆ ರ‍್ಯಾಮಿನ (ಮದರ್‌ಬೋರ್ಡಿಗೆ ಸಿಕ್ಕಿಸುವ ಮೆಮೊರಿ ಪಟ್ಟಿಯ) ಹಿತ್ತಾಳೆ ಬಣ್ಣದ ಅಂಚು ಮಂಕಾಗಿ, ಬೀಪ್ ಸದ್ದು ಮಾತ್ರ ಬಂದು ಪರದೆ ಕಪ್ಪಾಗಿಯೇ ಉಳಿಯುವುದು ಸಾಮಾನ್ಯ. ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಅಂಚನ್ನು ಮೃದುವಾಗಿ ಉಜ್ಜಿ, ಪುಡಿಯನ್ನು ಊದಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಕ್ಯಾಬಿನೆಟ್ ತೆರೆದಾಗ ಇರುವೆಗೂಡು ಸಿಕ್ಕರೆ ಅದನ್ನೂ ಆಗಲೇ ತೆಗೆಯಿರಿ. ಇಷ್ಟಾದರೂ ವಿಂಡೋಸ್ ಮೇಲೇಳದಿದ್ದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ತುಂಬಿದ ಪೆನ್‌ಡ್ರೈವಿನಿಂದ (ಅದನ್ನು ತಯಾರಿಸುವ ಬಗೆ ಮುಂದಿದೆ) ಕಂಪ್ಯೂಟರನ್ನು ಶುರು ಮಾಡಬಹುದು. ಅದು ಡಿಸ್ಕಿನಲ್ಲಿ ಏನನ್ನೂ ಬದಲಿಸದೆ, ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಅಲ್ಲಿಂದಲೇ ಹಳೆಯ ಡಿಸ್ಕಿನ ಫೋಲ್ಡರುಗಳನ್ನು ತೆರೆದು ನಕಲು ಮಾಡಿಕೊಳ್ಳಬಹುದು.

ಇನ್ನು ಯಾವುದು ಎಲ್ಲಿದೆ ಎಂಬ ಪ್ರಶ್ನೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕೂ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರಿನಲ್ಲಿರುತ್ತವೆ, ಇದು ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದೆ ಕಳೆದುಹೋಗುವಂಥವು ಬೇರೆ ಇವೆ. ಅದೇ ಕಂಪ್ಯೂಟರಿನಲ್ಲಿ ಮನೆಯ ಇನ್ನೊಬ್ಬರ ಹೆಸರಿನ ಖಾತೆಯಿದ್ದರೆ ಅವರ ಡೆಸ್ಕ್‌ಟಾಪ್ ಬೇರೆಯೇ ಫೋಲ್ಡರಿನಲ್ಲಿರುತ್ತದೆ. ಔಟ್‌ಲುಕ್ ಬಳಸುವವರ ಮೇಲ್ ಎಲ್ಲ ಪಿಎಸ್‌ಟಿ ಎಂಬ ಒಂದೇ ದೊಡ್ಡ ಕಡತದಲ್ಲಿ ಇರಬಹುದು. ಥಂಡರ್‌ಬರ್ಡ್ ಮೇಲ್ ಆಪ್‌ಡೇಟಾ ಎಂಬ ಅಡಗಿದ ಫೋಲ್ಡರಿನಲ್ಲಿರುತ್ತದೆ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಒತ್ತದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬ್ರೌಸರಿನ ಸೆಟ್ಟಿಂಗ್ಸಿನಿಂದಲೇ ರಫ್ತು ಮಾಡಿಕೊಳ್ಳಬೇಕು. ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದ ಲೆಕ್ಕ ಅದರದ್ದೇ ಡೇಟಾ ಫೋಲ್ಡರಿನಲ್ಲಿರುತ್ತದೆ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದ ಒಂದು ಪ್ರತಿ, ಡೇಟಾ ಫೋಲ್ಡರನ್ನೇ ಇಡಿಯಾಗಿ ಎತ್ತಿದ ಇನ್ನೊಂದು ಪ್ರತಿ, ಎರಡೂ ಇರಲಿ. ಜೊತೆಗೆ ಲೈಸೆನ್ಸನ್ನು ಹಳೆಯ ಸಿಸ್ಟಮಿನಲ್ಲೇ ಸರೆಂಡರ್ ಮಾಡಿದ (ಆ ಯಂತ್ರದಿಂದ ಬಿಡಿಸಿದ) ನಂತರವೇ ಮುಂದಕ್ಕೆ ಹೋಗಿ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್, ಸ್ಕ್ಯಾನರ್ ಇವುಗಳ ಮಾದರಿ ಹೆಸರನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ ಆಮೇಲೆ ಡ್ರೈವರ್ (ಅವುಗಳನ್ನು ನಡೆಸುವ ತಂತ್ರಾಂಶ) ಹುಡುಕುವುದು ಸುಲಭ. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕೂಡ ಅದೇ ಕಾಗದಕ್ಕೆ ಹೋಗಲಿ.

ಕನ್ನಡದಲ್ಲಿ ಟೈಪ್ ಮಾಡುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಕೆಲವು ವರ್ಷದ ಹಿಂದೆ ಆಲ್ದೂರಿನ ಕಡೆಯ ನಮ್ಮ ಚಿಕ್ಕಪ್ಪನ ತೋಟದಲ್ಲಿ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಿದವನು ನಾನೇ. ಒಂದು ಕಡತವೂ ಬಿಟ್ಟುಹೋಗಿಲ್ಲವೆಂದು ಬೀಗುತ್ತಿದ್ದೆ. ಸಂಜೆ ಚಿಕ್ಕಪ್ಪ ಮಳೆಯ ಪುಸ್ತಕವನ್ನು ತೆರೆದರು. ಇಂಚು ಸೆಂಟುಗಳ ಅಂಕಿಗಳೆಲ್ಲ ಇದ್ದವು, ಆದರೆ ಪಕ್ಕದ ಷರಾ ಕಾಲಮ್ಮಿನಲ್ಲಿ ಹೂವು ಬಿಟ್ಟ ದಿನ, ಗೊಬ್ಬರ ಹಾಕಿದ ದಿನ ಎಂದು ಬರೆದಿದ್ದ ಕಡೆ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಎ, ಮಧ್ಯೆ ಮಧ್ಯೆ ಪೌಂಡ್ ಹಣದ ಚಿಹ್ನೆ. “ಇದೇನೋ ಇದು, ಇಂಗ್ಲೆಂಡಿನವರು ಬಂದು ಲೆಕ್ಕ ಬರೆದ ಹಾಗಿದೆಯಲ್ಲ” ಎಂದರು.

ಕಡತ ಕೆಟ್ಟಿರಲಿಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗೆ ಉಳಿಯುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಾಗಿಯೇ. ಆ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬಿಡಿಸಿ ತೋರಿಸುವುದು ಫಾಂಟು. ಆ ಫಾಂಟಿನಲ್ಲಿ ನಕಾರದ ಜಾಗದಲ್ಲಿರುವುದು ಪೌಂಡ್ ಚಿಹ್ನೆಯೇ, ಆದ್ದರಿಂದ ಫಾಂಟು ಇಲ್ಲದ ಯಂತ್ರದಲ್ಲಿ ಪೌಂಡ್ ಹಾಗೇ ಕಾಣುತ್ತದೆ. ಹೀಗಾಗಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ ಎಂದು ಶುರುವಾಗುವ, ಬರಹದ್ದಾದರೆ ಬಿಆರ್‌ಎಚ್ (BRH) ಎಂದು ಶುರುವಾಗುವ ಫಾಂಟುಗಳನ್ನೆಲ್ಲ ತಪ್ಪದೆ ನಕಲು ಮಾಡಿಕೊಳ್ಳಿ. ಬಿಡುವಾದಾಗ ಮುಖ್ಯ ಕಡತಗಳನ್ನು ಪರಿವರ್ತಕ ತಂತ್ರಾಂಶ ಬಳಸಿ, ಆ ಹಳೆಯ ಫಾಂಟು ಇಲ್ಲದೆಯೂ ಓದಬರುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಾರೆ ಓದಿ ತಿದ್ದಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ನಕಲು ಮಾಡಲು ಹೊರಗಿನ ಹಾರ್ಡ್ ಡಿಸ್ಕ್ ಬೇಕು. ಅದು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಕಡತವನ್ನು ಒಪ್ಪಿಕೊಳ್ಳುವುದಿಲ್ಲ, ಮದುವೆ ವಿಡಿಯೊ ಅಲ್ಲೇ ಮುಗ್ಗರಿಸುತ್ತದೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಹಳೆಯ ಯಂತ್ರದ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿ ಹೋಯಿತೆಂದರೂ 100 ಜಿಬಿಗೆ ಸುಮಾರು ಒಂದು ಗಂಟೆ. ಸಾವಿರಾರು ಚಿಕ್ಕ ಕಡತಗಳಿದ್ದರೆ ಅದರ ಎರಡು ಮೂರು ಪಟ್ಟು ಎಂದುಕೊಳ್ಳಿ. ಎಲ್ಲವನ್ನೂ ಇಂಟರ್ನೆಟ್ಟಿಗೇ ಏರಿಸಿಬಿಡೋಣ ಎನ್ನುವವರು ತಮ್ಮ ಊರಿನ ವೇಗವನ್ನು ಒಮ್ಮೆ ಲೆಕ್ಕ ಹಾಕಲಿ: 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್, ಎಂದರೆ ಒಂದು ಎಂಬಿಗಿಂತ ಕಡಿಮೆ) ಅಪ್‌ಲೋಡ್ ಇದ್ದರೆ ಅದೇ 100 ಜಿಬಿಗೆ 44 ಗಂಟೆ ಬೇಕು, ಅದೂ ನಡುವೆ ಸಂಪರ್ಕ ಕಡಿಯದಿದ್ದರೆ. ಲೆಕ್ಕದ ಪತ್ರಗಳಷ್ಟನ್ನು ಮಾತ್ರ ಅಲ್ಲಿಟ್ಟು, ಉಳಿದದ್ದನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ವಾಸಿ. ಕಟ್ ಮಾಡಿ ಪೇಸ್ಟ್ ಮಾಡುವುದು ಬೇಡವೇ ಬೇಡ, ಕಾಪಿ ಮಾತ್ರ.

ನಕಲು ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆ ಮತ್ತು ಒಟ್ಟು ಬೈಟುಗಳನ್ನು ಹೋಲಿಸಿ. ಅಷ್ಟೇ ಸಾಲದು. ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ಒಂದು ಫೋಟೊ, ಒಂದು ವಿಡಿಯೊ, ಒಂದು ಎಕ್ಸೆಲ್ ಕಡತ, ಒಂದು ಕನ್ನಡ ಪತ್ರ ತೆರೆದು ನೋಡಿ. ಚಿಕ್ಕಪ್ಪನ ಮನೆಯಲ್ಲಿ ನಾನು ಮಾಡದೆ ಬಿಟ್ಟದ್ದು ಇದನ್ನೇ. ಬೇರೆ ಯಂತ್ರದಲ್ಲಿ ತೆರೆದಿದ್ದರೆ ಪೌಂಡ್ ಚಿಹ್ನೆ ಆಗಲೇ ಕಾಣಿಸುತ್ತಿತ್ತು. ಎರಡನೆಯ ಪ್ರತಿಯೊಂದು ಪೇಟೆಯಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ತೋಟದ ಮನೆಯಲ್ಲೇ ಇಡುವ ಡಿಸ್ಕನ್ನು ಬೂಸ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಇಲ್ಲಿ ನನ್ನ ಖಚಿತ ಸಲಹೆಯೊಂದಿದೆ: ಹಳೆಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇಬೇಡಿ. 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್) ಒಂದನ್ನು ಕೊಂಡು ಹೊಸ ಸಿಸ್ಟಮನ್ನು ಅದಕ್ಕೆ ಹಾಕಿ. ಹಳೆಯ ಡಿಸ್ಕಿನಿಂದ ವಿದ್ಯುತ್ತಿನ ತಂತಿ ಮತ್ತು ದತ್ತಾಂಶದ ತಂತಿ ಎರಡನ್ನು ಕಿತ್ತು ಹೊಸದಕ್ಕೆ ಸಿಕ್ಕಿಸಿದರೆ ಡೆಸ್ಕ್‌ಟಾಪಿನಲ್ಲಿ ಕೆಲಸ ಮುಗಿಯಿತು. ಕಂಪ್ಯೂಟರಿನ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಮರೆತ ಕಡತವೊಂದು ಮೂರು ತಿಂಗಳ ನಂತರ ನೆನಪಾದರೆ ಅದು ಬೀರುವಿನಲ್ಲಿರುವ ಹಳೆಯ ಡಿಸ್ಕಿನಲ್ಲಿ ಹಾಗೇ ಕುಳಿತಿರುತ್ತದೆ.

ಯಾವ ಸಿಸ್ಟಂ ಹಾಕಬೇಕೆಂಬುದು ಕೆಲಸದ ಮೇಲೆ ನಿಂತಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ (ಭದ್ರತೆಯ ತಿದ್ದುಪಡಿಗಳು ಬರುವುದು) ನಿಂತಿತು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಹತ್ತು ವರ್ಷದ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯಗಳಿವೆ, ಲೆಕ್ಕಪತ್ರದ ಯಂತ್ರಕ್ಕೆ ನಾನು ಅದನ್ನು ಹೇಳಲಾರೆ. ಬ್ರೌಸರ್, ಪತ್ರ, ಫೋಟೊ ಇಷ್ಟೇ ಬಳಕೆಯಾದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮಿನಲ್ಲಿ ಹಾಯಾಗಿ ನಡೆಯುತ್ತದೆ, 2 ಜಿಬಿಯಲ್ಲಿ ತೆವಳುತ್ತದೆ. ಟ್ಯಾಲಿ ಬೇಕೇ ಬೇಕು ಎನ್ನುವವರು ವಿಂಡೋಸಿನಲ್ಲೇ ಉಳಿಯಬೇಕು, ಹಾಗಾದರೆ ಈ ಯಂತ್ರವನ್ನು ಮನೆಯ ಬಳಕೆಗೆ ಬಿಟ್ಟು ಲೆಕ್ಕಕ್ಕೆ ಬೇರೆ ಯಂತ್ರ ನೋಡುವುದು ಮೇಲು.

ಸಿಸ್ಟಂ ಹಾಕುವ ಕೆಲಸವನ್ನು ಬೇಗ ಹೇಳಿ ಮುಗಿಸಬಹುದು. 8 ಜಿಬಿಯ ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು, ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಂಡ ಐಎಸ್ಒ ಕಡತವನ್ನು (ಇಡೀ ಸಿಸ್ಟಂ ಅಡಗಿರುವ ಒಂದೇ ಕಡತ) ರೂಫಸ್ ತಂತ್ರಾಂಶದಿಂದ ಅದಕ್ಕೆ ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ ಹಳೆಯ ಬಯೋಸ್ ಆಗಿದ್ದರೆ ರೂಫಸ್‌ನಲ್ಲಿ ಎಂಬಿಆರ್, ಹೊಸ ಬಗೆಯ ಯುಇಎಫ್ಐ ಆಗಿದ್ದರೆ ಜಿಪಿಟಿ ಆರಿಸಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪೆನ್‌ಡ್ರೈವನ್ನು ಆರಿಸಿಕೊಳ್ಳಲು ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಬೇಕು. ಡೆಲ್, ಲೆನೊವೊಗಳಲ್ಲಿ ಅದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಕಂಪ್ಯೂಟರ್ ಯುಪಿಎಸ್ ಮೇಲಿರಲಿ, ಮೋಡ ಕಟ್ಟಿದ್ದರೆ ಆ ದಿನ ಶುರು ಮಾಡಲೇಬೇಡಿ, ಎಸ್‌ಎಸ್‌ಡಿ ಒಂದನ್ನು ಬಿಟ್ಟು ಉಳಿದ ಡಿಸ್ಕುಗಳನ್ನು ಕಿತ್ತಿಡಿ. ಬ್ಯಾಕಪ್ ಡಿಸ್ಕ್ ಚುಚ್ಚಿಕೊಂಡಿರುವಾಗಲೇ ಸಿಸ್ಟಂ ಹಾಕಲು ಹೋಗಿ ಅದನ್ನೇ ಅಳಿಸಿಕೊಂಡವರಿದ್ದಾರೆ. ಮುಂದಿನದು ಪರದೆ ಕೇಳಿದ್ದಕ್ಕೆ ಉತ್ತರಿಸುವುದಷ್ಟೇ.

ಹೊಸ ಸಿಸ್ಟಂ ಬಂದ ಮೇಲೆ ಯಾವ ವೆಬ್‌ಸೈಟೂ ತೆರೆಯದೆ, ಭದ್ರತೆಯ ಎಚ್ಚರಿಕೆಯೇ ಬರುತ್ತಿದ್ದರೆ ಮೊದಲು ಮೂಲೆಯ ದಿನಾಂಕ ನೋಡಿ. ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ, ಹೊಸ ಬ್ಯಾಟರಿ ಹಾಕಿದರೆ ಸರಿಹೋಗುತ್ತದೆ. ನೆಟ್‌ವರ್ಕ್ ಡ್ರೈವರ್ ಸಿಗದೆ ಇಂಟರ್ನೆಟ್ಟೇ ಬಾರದಿದ್ದರೆ, ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಮಾಡಿ, ಎಂದರೆ ಫೋನಿನ ಇಂಟರ್ನೆಟ್ಟನ್ನೇ ಕಂಪ್ಯೂಟರಿಗೆ ಕೊಟ್ಟು ಇಳಿಸಿಕೊಳ್ಳಬಹುದು. ಕನ್ನಡಕ್ಕೆ ಲಿನಕ್ಸಿನಲ್ಲಿ ಐಬಸ್ ಜೊತೆ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ನುಡಿಯಲ್ಲಿ ಬೆರಳಿಗೆ ಅಭ್ಯಾಸವಾದ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ, ಗುಬ್ಬಿ ಮತ್ತು ನವಿಲು ಎಂಬ ಯೂನಿಕೋಡ್ ಫಾಂಟುಗಳೂ ಉಚಿತವಾಗಿವೆ. ಉಳಿಸಿಟ್ಟುಕೊಂಡ ಹಳೆಯ ನುಡಿ ಫಾಂಟುಗಳನ್ನು ಕಡತಗಳಿಗಿಂತ ಮೊದಲೇ ಹಾಕಿ.

ಕಡತಗಳನ್ನು ಮರಳಿ ತರುವಾಗ ಇಡೀ ಡಿಸ್ಕನ್ನು ಒಮ್ಮೆಗೇ ಸುರಿಯದೆ, ಬೇಕಾದ ಫೋಲ್ಡರನ್ನು ಬೇಕಾದಾಗ ತಂದುಕೊಳ್ಳಿ. ಹೊರತೆಗೆದ ಹಳೆಯ ಡಿಸ್ಕಿನ ಮೇಲೆ ಚೀಟಿ ಅಂಟಿಸಿ ದಿನಾಂಕ ಬರೆದು ಬೀರುವಿನಲ್ಲಿಡಿ. ಹೊಸ ಸಿಸ್ಟಮಿನಿಂದ ಒಂದು ಬಟವಾಡೆ ಪಟ್ಟಿ ಪ್ರಿಂಟ್ ಆಗಿ, ಒಂದು ವರ್ಷದ ಲೆಕ್ಕ ಆಡಿಟರ ಕೈಗೆ ಹೋಗಿ ಬರುವ ತನಕ ಅದನ್ನು ಯಾರಿಗೂ ಎರವಲು ಕೊಡಬೇಡಿ.