ಹಾಸನದಲ್ಲೇ ಕೀಹೋಲ್‌ನಲ್ಲಿ ಕರುಳಿನ ಗಡ್ಡೆ: ನನ್ನ ಅನುಭವ

ಹೊಟ್ಟೆ ಉದ್ದಕ್ಕೆ ಕೊಯ್ಯದೆ, ಸಣ್ಣ ತೂತುಗಳಿಂದ ಕ್ಯಾಮೆರಾ, ಸಲಕರಣೆ ಹಾಕಿ ಮಾಡುವುದು ಕೀಹೋಲ್ ಆಪರೇಷನ್. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ಹಾಗೆ ಇಲ್ಲೇ ತೆಗೆಯುತ್ತೇನೆ ಅಂದಾಗ "ಬೆಂಗಳೂರಿಗೆ ಕಳಿಸಿಬಿಡಪ್ಪಾ, ಸುಮ್ನೆ ಯಾಕೆ ತಲೆನೋವು" ಅಂದಿದ್ದರು ನಮ್ಮ ಸೀನಿಯರ್ ಒಬ್ಬರು. ಈಗ ಆಲೂರು, ಸಕಲೇಶಪುರ ಕಡೆಯ ಕೇಸುಗಳನ್ನು ಅವರೇ ನನಗೆ ಕಳಿಸುತ್ತಾರೆ.

ಮೂರನೇ ಕೇಸಿನಲ್ಲಿ ಮಾನ ಹೋಯಿತು. ಸಿಗ್ಮಾಯ್ಡ್‌ನಲ್ಲಿ, ಅಂದರೆ ದೊಡ್ಡ ಕರುಳಿನ ಕೊನೆಯ ತಿರುವಿನಲ್ಲಿ, ಪುಟ್ಟ ಗಡ್ಡೆ, ಸುಲಭ ಅಂದುಕೊಂಡಿದ್ದೆ. ಕ್ಯಾಮೆರಾ ಹಾಕಿದರೆ ಕರುಳು ಹೊರಗಿನಿಂದ ನುಣ್ಣಗಿದೆ, ಗಡ್ಡೆಯ ಸುಳಿವೇ ಇಲ್ಲ. ಗುದದ್ವಾರದಿಂದ ಸ್ಕೋಪ್ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ರಿಪೋರ್ಟಿನಲ್ಲಿ ಗಡ್ಡೆ ಎಷ್ಟು ದೂರ ಅಂತ ಬರೆದಿದ್ದ ಸೆಂಟಿಮೀಟರ್ ಲೆಕ್ಕ ನಂಬಿ ಕೆಟ್ಟೆ. ಒಂದೂವರೆ ಗಂಟೆ ಹುಡುಕಿ, ಹೊಟ್ಟೆ ತೆರೆದೆ. ಕೈಗೂ ಸಿಗಲಿಲ್ಲ! ಕೊನೆಗೆ ಟೇಬಲ್ ಮೇಲೇ ಸ್ಕೋಪ್ ಹಾಕಿಸಬೇಕಾಯಿತು. "ನಾನು ಹೇಳಿರಲಿಲ್ವಾ" ಅಂದರು ಸೀನಿಯರ್. 2004ರ ಅಮೆರಿಕದ ಟ್ರಯಲ್‌ನಲ್ಲೇ ಕೀಹೋಲ್ ಶುರುಮಾಡಿದ 100ರಲ್ಲಿ 21 ಮಂದಿಗೆ ಓಪನ್ ಮಾಡಿದ್ದರು ಸಾರ್, ಮೂರು ವರ್ಷಕ್ಕೆ ಕ್ಯಾನ್ಸರ್ ಮರುಕಳಿಸಿದ್ದು ಕೀಹೋಲ್, ಓಪನ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಅಂದಿನಿಂದ, ಗಡ್ಡೆಯ ಜಾಗ ಹೊರಗಿನಿಂದ ಕಾಣುವ ಹಾಗೆ ಸ್ಕೋಪ್‌ನಲ್ಲಿ ಕರುಳಿನ ಗೋಡೆಗೆ ಇಂಕ್ ಹಾಕಿಸದೆ ಇಂಥ ಕೇಸು ಮುಟ್ಟಿಲ್ಲ. ಸುತ್ತ ಮೂರು ಕಡೆ ಚುಚ್ಚಿಸಿ. ಒಂದೇ ಕಡೆ ಚುಚ್ಚಿದರೆ ಆ ಜಾಗ ಹಿಂದಕ್ಕೆ ಬಿದ್ದು ಕಾಣುವುದೇ ಇಲ್ಲ. ಸೂಜಿ ಗೋಡೆಯ ಆಚೆ ದಾಟಿದರೆ ಹೊಟ್ಟೆಯೆಲ್ಲ ಕಪ್ಪು. ಅದೂ ಒಮ್ಮೆ ಆಗಿದೆ. ಇಂಕ್ ಚೆಲ್ಲದ ಹಾಗೆ ಮಾಡಲು ನಮ್ಮದೊಂದು ಉಪಾಯ ಇದೆ. ಇಲ್ಲಿ ಬರೆಯುವುದಿಲ್ಲ, ಥಿಯೇಟರಿಗೆ ಬನ್ನಿ.

ಇನ್ನು ದುಡ್ಡು. ಕರುಳು ಕತ್ತರಿಸಿ ಪಿನ್ ಹೊಡೆದು ಜೋಡಿಸುವ ಸ್ಟೇಪ್ಲರ್, ಅದರ ಪಿನ್ನುಗಳ ಕಾರ್ಟ್ರಿಜ್‌ಗೇ ಕೇಸಿಗೆ 40 ಸಾವಿರದ ಹತ್ತಿರ ಹೋಗುತ್ತಿತ್ತು. ಮೊದಲ ವರ್ಷ ಕೈಯಿಂದಲೇ ಹಾಕಿದೆ, ಮನೆಯಲ್ಲಿ ಬೈಸಿಕೊಂಡೆ. ಈಗ ಬಲಗಡೆಯ ಗಡ್ಡೆಯಾದರೆ ಒಳಗೆ ಬಿಡಿಸಿಕೊಂಡು, ಐದಾರು ಸೆಂಟಿಮೀಟರ್ ಗಾಯದಿಂದ ಕರುಳು ಹೊರತಂದು ಕೈಯಲ್ಲೇ ಹೊಲಿಯುತ್ತೇನೆ. ದಾರದ ಖರ್ಚು ಎರಡು ಸಾವಿರ ದಾಟಿದ ನೆನಪಿಲ್ಲ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಮೊದಮೊದಲು ಪೆಥಾಲಜಿ ರಿಪೋರ್ಟಿನಲ್ಲಿ ನೋಡ್ (ಕರುಳಿನ ಜೊತೆ ತೆಗೆದ ಕೊಬ್ಬಿನಲ್ಲಿರುವ ದುಗ್ಧ ಗ್ರಂಥಿ) ಏಳೋ ಎಂಟೋ ಇರುತ್ತಿತ್ತು. ಕ್ಯಾನ್ಸರ್ ಹರಡಿದೆಯೋ ಇಲ್ಲವೋ ಹೇಳಲು ಕನಿಷ್ಠ 12 ಬೇಕಲ್ವಾ? ಕೀಹೋಲ್‌ನಲ್ಲಿ ಅಷ್ಟೇ ಬರುವುದು ಅಂತ ಸುದ್ದಿಯಾಯಿತು. ಒಂದು ಸಂಜೆ ಲ್ಯಾಬ್‌ನಲ್ಲಿ ಕೂತು ಅದೇ ಕೊಬ್ಬನ್ನು ಮತ್ತೆ ಹುಡುಕಿಸಿದೆ. ಇನ್ನೂ ಆರು ಸಿಕ್ಕವು!

ನಡುವೆ ಕಾಫಿಯ ಪ್ರಯೋಗ. ಕರುಳು ಆಪರೇಷನ್ ಆದವರಿಗೆ ಕಾಫಿ ಕೊಟ್ಟರೆ ಬೇಗ ಹೊರಗಡೆಗೆ ಆಗುತ್ತದೆ ಅಂತ 2012ರಲ್ಲಿ ಜರ್ಮನಿಯವರು ತೋರಿಸಿದ್ದರು. ನಮ್ಮಲ್ಲಿ ಕಾಫಿಗೆ ಬರವೇ? ಮರುದಿನದಿಂದ ಮೂರು ಹೊತ್ತು ಬರಿ ಡಿಕಾಕ್ಷನ್ ಕೊಟ್ಟೆ. ಹತ್ತು ಹನ್ನೆರಡು ಜನರಲ್ಲಿ ಕೆಲಸ ಮಾಡಿತು ಅನ್ನಿಸಿತು. ಆಮೇಲೆ ತೋಟದ ಗೌಡರೊಬ್ಬರು ಹಾಲಿಲ್ಲದೆ ಮುಟ್ಟಲ್ಲ ಅಂದರು, ಲೆಕ್ಕ ಅಲ್ಲಿಗೆ ಕೆಟ್ಟಿತು.

ಇದುವರೆಗೆ ಮೂವತ್ತರ ಆಸುಪಾಸು ಕೇಸು. ಓಪನ್ ಮಾಡಿದ್ದು ನಾಲ್ಕು, ಹೊಲಿಗೆ ಸೋರಿದ್ದು ಒಂದು. ಬೇಲೂರಿನ ಮೊದಲ ಅಜ್ಜಿಗೆ ಆರನೇ ವರ್ಷ. ಪ್ರತಿ ಸಲ ಸೆರಗು ಸರಿಸಿ ಗಾಯ ತೋರಿಸಿ ಕೇಳುತ್ತಾರೆ: "ಇಷ್ಟೇ ಕೊಯ್ದಿದ್ದು, ಪೂರ್ತಿ ತೆಗ್ದಿದ್ದೀರಾ ಡಾಕ್ಟ್ರೇ?"