ಚರ್ಚ್ ಟ್ರಸ್ಟ್‌ನ ಕ್ಯೂಆರ್ ಅರ್ಜಿ ವಾಪಸ್ ಬರುತ್ತಿದ್ದರೆ: ಬಳ್ಳಾರಿಯಲ್ಲಿ ಬಗೆಹರಿದ ಬಗೆ

ಕಾಣಿಕೆಗಾಗಿ ಟ್ರಸ್ಟ್ ಖಾತೆಗೆ ಮರ್ಚೆಂಟ್ ಯುಪಿಐ ಕ್ಯೂಆರ್ ಕೇಳಿದಾಗಲೆಲ್ಲ ‘ಹೆಸರು ತಾಳೆಯಾಗುತ್ತಿಲ್ಲ’ ಎಂದು ಅರ್ಜಿ ವಾಪಸ್ ಬರುತ್ತಿತ್ತು.

ಮತ್ತೆ ಅರ್ಜಿ ಹಾಕಿದ್ದು, ಆ್ಯಪ್ ಬದಲಿಸಿದ್ದು, ನೋಟರಿ ಅಫಿಡವಿಟ್ ಕೊಟ್ಟದ್ದು ಯಾವುದೂ ನಡೆಯಲಿಲ್ಲ. ಖಜಾಂಚಿಯ ಸ್ವಂತ ಕ್ಯೂಆರ್ ಅಂಟಿಸುವುದಂತೂ ಬೇಡವೇ ಬೇಡ. ಹಣ ಅವರ ಪ್ಯಾನ್‌ಗೆ ಸೇರಿದ ಖಾತೆಗೆ ಹೋಗುತ್ತದೆ, ಟ್ರಸ್ಟ್ ಲೆಕ್ಕಕ್ಕಲ್ಲ.

ತೊಡಕು ಇದ್ದದ್ದು ಟ್ರಸ್ಟ್ ಹೆಸರಿನಲ್ಲಿದ್ದ ಊರಿನ ಕಾಗುಣಿತದಲ್ಲಿ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಆಯಿತು. ಟ್ರಸ್ಟ್ ಡೀಡ್ (ಸ್ಥಾಪನಾ ಪತ್ರ), ಪ್ಯಾನ್ ಎರಡರಲ್ಲೂ ಹಳೆಯ ರೂಪ, ಬ್ಯಾಂಕ್ ಖಾತೆಯಲ್ಲಿ ಮಾತ್ರ ಹೊಸದು. ಡೀಡ್ ತಿದ್ದಲು ಹೋಗಬೇಡಿ, ಖಾತೆಯ ಹೆಸರನ್ನೇ ಪ್ಯಾನ್‌ಗೆ ಹೊಂದಿಸಿ.

ಮೊದಲು ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿ: ಟ್ರಸ್ಟ್‌ಗೆ ‘ಟಿ’ ಇರಬೇಕು, ‘ಪಿ’ ಇದ್ದರೆ ಅದು ವ್ಯಕ್ತಿಯ ಪ್ಯಾನ್. ಆಮೇಲೆ ಟ್ರಸ್ಟಿಗಳ ಠರಾವು ಮಾಡಿಸಿ. ಅದರಲ್ಲಿ ಹೆಸರು ಪ್ಯಾನ್‌ನಲ್ಲಿರುವಂತೆ ಚುಕ್ಕೆ, ಅಂತರ ಸಹಿತ ಇರಲಿ. ಠರಾವು, ಡೀಡ್, ಪ್ಯಾನ್ ಪ್ರತಿ ಕೊಟ್ಟು ಖಾತೆಯ ಕೆವೈಸಿ ತಿದ್ದಿಸಿ. ಹೊಸ ಸ್ಟೇಟ್‌ಮೆಂಟ್ ಕೈಗೆ ಬಂದು, ಅಕ್ಷರಕ್ಕಕ್ಷರ ತಾಳೆ ನೋಡುವ ತನಕ ಕ್ಯೂಆರ್ ಅರ್ಜಿ ಹಾಕಬೇಡಿ. ಅರ್ಜಿಯಲ್ಲಿ ವರ್ಗ ‘ಧಾರ್ಮಿಕ ಸಂಸ್ಥೆ’, ಕೋಡ್ 8661. ಅಂಗಡಿ ವರ್ಗ ಬೇಡ. ಬಂದ ಕ್ಯೂಆರ್‌ಗೆ 1 ರೂಪಾಯಿ ಕಳಿಸಿ, ತೆರೆಯ ಮೇಲೆ ಟ್ರಸ್ಟ್ ಹೆಸರೇ ಬರುತ್ತದೆಯೇ ನೋಡಿ.

ವಿದೇಶಿ ಪೌರರ ಕಾಣಿಕೆ, ಓಸಿಐ ಕಾರ್ಡ್‌ದಾರರದ್ದೂ (ಭಾರತೀಯ ಮೂಲದ ವಿದೇಶಿ ಪೌರರು) ಸೇರಿ, ಈ ಕ್ಯೂಆರ್‌ಗೆ ಬರಕೂಡದು. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು, ಹಣವೂ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು.