ಆರ್ಗ್ಯಾನಿಕ್ ಪೇಪರಿಗೆ ಕರ್ವ್ ಹಾಕುವ ಮುನ್ನ ಅಂಕಗಳನ್ನು ಓದುವುದು ಹೇಗೆ

ಆರ್ಗ್ಯಾನಿಕ್ ಕೆಮಿಸ್ಟ್ರಿ ಟೆಸ್ಟಿನಲ್ಲಿ ಅರ್ಧ ತರಗತಿ ಮಕಾಡೆ ಮಲಗಿದರೆ ಸ್ಟಾಫ್ ರೂಮಿನಲ್ಲಿ ಎದ್ದು ಬರುವ ಮೊದಲ ಸಲಹೆ ‘ಎಲ್ಲರಿಗೂ ಐದೈದು ಹಾಕಿಬಿಡಿ ಸರ್’ ಎಂಬುದು. ಹಾಕುವುದು ಸುಲಭ. ಆದರೆ ಅಂಕ ಕಡಿಮೆ ಬಂದದ್ದು ಪೇಪರ್ ಕಷ್ಟವಾಗಿತ್ತೆಂದೋ, ಪಾಠ ತಲೆಗೆ ಹತ್ತಲಿಲ್ಲವೆಂದೋ ಎಂಬುದು ಗೊತ್ತಾಗದೆ ಹಾಕಿದ ಐದು ಅಂಕ ಯಾರಿಗೂ ನ್ಯಾಯ ಕೊಡುವುದಿಲ್ಲ. ಪೇಪರ್ ಕಷ್ಟವಾಗಿದ್ದರೆ ಮಾತ್ರ ಕರ್ವ್ ಹಾಕಬೇಕು, ಅಂದರೆ ಇಡೀ ತರಗತಿಯ ಅಂಕಗಳನ್ನು ಒಂದು ಸೂತ್ರ ಹಿಡಿದು ಏರಿಸಬೇಕು. ಪಾಠ ಹತ್ತದಿದ್ದರೆ ಮತ್ತೆ ಪಾಠ ಮಾಡಬೇಕು. ಇವೆರಡನ್ನೂ ಬೇರ್ಪಡಿಸುವ ಕ್ರಮ ಇಲ್ಲಿದೆ.

ಮೊದಲಿಗೆ ನಿಮ್ಮ ಕೈಯಲ್ಲಿ ಎಷ್ಟು ಅಧಿಕಾರ ಇದೆ ಎಂದು ನೋಡಿಕೊಳ್ಳಿ. ಅಮೆರಿಕದ ಕಾಲೇಜುಗಳಲ್ಲಿ ಪಾಠ ಮಾಡಿದ ಪ್ರೊಫೆಸರೇ ಪೇಪರ್ ತೆಗೆದು, ತಾವೇ ತಿದ್ದಿ, ತಾವೇ ಗ್ರೇಡಿನ ಗೆರೆ ಎಳೆಯುತ್ತಾರೆ. ಅಲ್ಲಿ ಆರ್ಗ್ಯಾನಿಕ್ ಪೇಪರಿನ ಸರಾಸರಿ ನೂರಕ್ಕೆ ಐವತ್ತು ಬಂದರೂ ಅದನ್ನು ‘ಬಿ’ ಎಂದು ಕರೆಯಲು ಅಡ್ಡಿಯಿಲ್ಲ. ನಮ್ಮಲ್ಲಿ ಹಾಗಲ್ಲ. ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಸೆಮಿಸ್ಟರ್ ಕೊನೆಯ ಅಂಕಗಳನ್ನು ಉಪನ್ಯಾಸಕರು ಮುಟ್ಟುವಂತಿಲ್ಲ. ಪ್ರಶ್ನೆಯಲ್ಲಿ ತಪ್ಪಿದ್ದರೆ ಪರೀಕ್ಷಾ ಮಂಡಳಿಗೆ ಬರೆದು ತಿಳಿಸಬೇಕು, ತೀರ್ಮಾನ ಅವರದು. ನಿಮಗೆ ಉಳಿಯುವುದು ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಟೆಸ್ಟುಗಳ ಅಂಕ. ಯುವರಾಜ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳಲ್ಲಿ ದಾರಿ ಸ್ವಲ್ಪ ಅಗಲ, ಆದರೂ ಅಲ್ಲಿಯೂ ಪರೀಕ್ಷಾ ಮಂಡಳಿಯ ಸಹಿ ಇಲ್ಲದೆ ಏನೂ ಬದಲಾಗದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸಿಬಿಸಿಎಸ್, ಅಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ, ಮಾರ್ಗಸೂಚಿ ಎರಡು ಪದ್ಧತಿಗಳನ್ನು ಹೇಳುತ್ತದೆ: ಮೊದಲೇ ನಿಗದಿಯಾದ ಅಂಕಗಳ ಗೆರೆಯ ಮೇಲೆ ಗ್ರೇಡ್ ಕೊಡುವುದು ಒಂದು, ತರಗತಿಯ ಅಂಕ ಹಂಚಿಕೆ ನೋಡಿ ಕೊಡುವುದು ಇನ್ನೊಂದು. ನಿಮ್ಮ ಕಾಲೇಜಿನ ರೆಗ್ಯುಲೇಷನ್‌ನಲ್ಲಿ ಯಾವುದಿದೆ ಎಂದು ಸೆಮಿಸ್ಟರ್ ಶುರುವಾಗುವಾಗಲೇ ಓದಿಟ್ಟುಕೊಳ್ಳಿ. ಫಲಿತಾಂಶದ ಹಿಂದಿನ ದಿನ ಹುಡುಕಲು ಹೋದರೆ ಜಗಳವೇ ಗತಿ.

ಅಂಕಗಳನ್ನು ಶೀಟಿಗೆ ಹಾಕುವಾಗ ಒಟ್ಟು ಮೊತ್ತವನ್ನಷ್ಟೇ ಹಾಕಬೇಡಿ. ಒಂದೊಂದು ಪ್ರಶ್ನೆಗೆ, ಸಾಧ್ಯವಾದರೆ ಎ, ಬಿ ಎಂಬ ಉಪಪ್ರಶ್ನೆಗೂ, ಒಂದೊಂದು ಕಾಲಂ ಬೇಕು. ಅರವತ್ತು ಜನರ ತರಗತಿಗೆ ಇದು ಒಂದು ಸಂಜೆಯ ಕೆಲಸ. ಇದನ್ನು ಬಿಟ್ಟರೆ ಮುಂದಿನದು ಯಾವುದೂ ಆಗುವುದಿಲ್ಲ. ಆಮೇಲೆ ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಸರಾಸರಿ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಟ್ಟನಡುವಿನ ಅಂಕ), ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) ತೆಗೆಯಿರಿ. ಐದೈದು ಅಂಕದ ಗುಂಪು ಮಾಡಿ ಹಿಸ್ಟೋಗ್ರಾಂ, ಅಂದರೆ ಯಾವ ಗುಂಪಿನಲ್ಲಿ ಎಷ್ಟು ಜನ ಎಂದು ತೋರಿಸುವ ಕಂಬಗಳ ಚಿತ್ರ, ಎಳೆಯಿರಿ. ಒಂದೊಂದೇ ಅಂಕದ ಗುಂಪು ಮಾಡಿದರೆ ಚಿತ್ರ ಹಲ್ಲುಹಲ್ಲಾಗಿ ಏನೂ ಕಾಣದು, ಹದಿನೈದರ ಗುಂಪು ಮಾಡಿದರೆ ಇರುವ ತಗ್ಗೂ ಮುಚ್ಚಿಹೋಗುತ್ತದೆ.

ಆರ್ಗ್ಯಾನಿಕ್‌ನಲ್ಲಿ ಹಲವು ಬಾರಿ ಕಾಣುವುದು ಗಂಟೆಯಾಕಾರದ ಒಂದು ದಿಬ್ಬವಲ್ಲ, ಎರಡು ದಿಬ್ಬ. ಉದಾಹರಣೆಗೆ 60 ಅಂಕದ ಟೆಸ್ಟ್, 60 ವಿದ್ಯಾರ್ಥಿಗಳು ಎಂದಿಟ್ಟುಕೊಳ್ಳಿ. 22 ಜನ 12ರಿಂದ 20ರ ನಡುವೆ, 24 ಜನ 34ರಿಂದ 44ರ ನಡುವೆ ಇದ್ದಾರೆ. ಸರಾಸರಿ 28. ಆದರೆ 25ರಿಂದ 31ರ ನಡುವೆ ಇರುವವರು ಐದೇ ಜನ. ಅಂದರೆ ‘ಸರಾಸರಿ ವಿದ್ಯಾರ್ಥಿ’ ಎಂಬುವನು ಆ ತರಗತಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೀಗಾಗಲು ಕಾರಣ ವಿಷಯದ ಸ್ವಭಾವದಲ್ಲೇ ಇದೆ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಹಿಡಿತಕ್ಕೆ ಸಿಕ್ಕವರಿಗೆ ಎಸ್‌ಎನ್‌2, ಇ2, ಆಲ್ಡಾಲ್ ಎಂಬ ರಿಯಾಕ್ಷನ್ನುಗಳೆಲ್ಲವೂ ಒಂದೇ ಲೆಕ್ಕದ ಬೇರೆಬೇರೆ ಮುಖ. ಸಿಗದವರಿಗೆ ಪ್ರತಿ ರಿಯಾಕ್ಷನ್ನೂ ಬಾಯಿಪಾಠ ಮಾಡಬೇಕಾದ ಹೊಸ ವಿಷಯ. ಇಂಥ ತರಗತಿಗೆ ಯಾವ ಕರ್ವ್ ಹಾಕಿದರೂ ಕೆಳಗಿನ ದಿಬ್ಬ ಕೆಳಗೇ ಇರುತ್ತದೆ. ಅವರಿಗೆ ಬೇಕಿರುವುದು ಎಲೆಕ್ಟ್ರಾನಿನ ಓಟ ತೋರಿಸುವ ಬಾಣ ಎಳೆಯುವ ಅಭ್ಯಾಸ.

ಮಂಡ್ಯ, ಮಳವಳ್ಳಿ, ನಾಗಮಂಗಲದ ಕಡೆಯ ತರಗತಿಗಳಲ್ಲಿ ಎರಡು ದಿಬ್ಬ ಕಂಡರೆ ಇನ್ನೊಂದನ್ನೂ ಪರೀಕ್ಷಿಸಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಕೆಳಗಿನ ದಿಬ್ಬದಲ್ಲಿ ಗುಂಪಾಗಿದ್ದರೆ, ಅವರ ಅಂಕಗಳನ್ನು ಎರಡು ಪಾಲು ಮಾಡಿ: ರಚನೆ ಬರೆಯುವ, ಬಾಣ ಎಳೆಯುವ ಪ್ರಶ್ನೆಗಳದು ಒಂದು, ‘ವಿವರಿಸಿ’, ‘ಕಾರಣ ಕೊಡಿ’ ಎನ್ನುವವುಗಳದು ಇನ್ನೊಂದು. ರಚನೆಯಲ್ಲಿ ಉಳಿದವರಿಗೆ ಸಮ ಇದ್ದು ವಿವರಣೆಯಲ್ಲಿ ಮಾತ್ರ ಬಿದ್ದಿದ್ದರೆ ಅವರಿಗೆ ಕೆಮಿಸ್ಟ್ರಿ ಬರುತ್ತದೆ, ಇಂಗ್ಲಿಷ್ ವಾಕ್ಯ ಬರುತ್ತಿಲ್ಲ. ಮುಂದಿನ ಟೆಸ್ಟಿನಲ್ಲಿ ಅದೇ ತಿಳಿವಳಿಕೆಯನ್ನು ಚಿತ್ರದಲ್ಲಿ ಕೇಳಿ.

ಈಗ ಪ್ರಶ್ನೆಗಳ ಕಡೆ. ಪ್ರತಿ ಪ್ರಶ್ನೆಗೆ ಎರಡು ಸಂಖ್ಯೆ ಬೇಕು. ಮೊದಲನೆಯದು ಸುಲಭತೆ: ತರಗತಿಗೆ ಆ ಪ್ರಶ್ನೆಯಲ್ಲಿ ಬಂದ ಸರಾಸರಿಯನ್ನು ಪೂರ್ಣಾಂಕದಿಂದ ಭಾಗಿಸಿ. 5 ಅಂಕದ ಪ್ರಶ್ನೆಗೆ ಸರಾಸರಿ 2 ಬಂದಿದ್ದರೆ 0.4. ಎರಡನೆಯದು, ಪ್ರಶ್ನೆ ಬಲ್ಲವರನ್ನೂ ಬಲ್ಲದವರನ್ನೂ ಬೇರ್ಪಡಿಸುತ್ತದೆಯೇ ಎಂಬುದು. ಒಟ್ಟು ಅಂಕದ ಪ್ರಕಾರ ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ಜನರನ್ನು ತೆಗೆದುಕೊಳ್ಳಿ. 60 ಜನರಲ್ಲಿ ಅದು 16 ಮತ್ತು 16. ಎರಡೂ ಗುಂಪಿನ ಸುಲಭತೆ ಲೆಕ್ಕ ಹಾಕಿ ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. 0.4ರ ಮೇಲಿದ್ದರೆ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕೆಳಗಿದ್ದರೆ ಅನುಮಾನಿಸಿ. ಮೈನಸ್ ಬಂದರೆ ಬಹುತೇಕ ತಪ್ಪಿರುವುದು ಪ್ರಶ್ನೆಯಲ್ಲಿ, ಇಲ್ಲವೇ ನಿಮ್ಮ ಕೀ ಆನ್ಸರಿನಲ್ಲಿ, ಅಂದರೆ ನೀವು ಬರೆದಿಟ್ಟ ಮಾದರಿ ಉತ್ತರದಲ್ಲಿ.

ಮೈನಸ್ ಬರುವ ಒಂದು ಮಾದರಿ: 2-ಬ್ರೋಮೋ-2-ಮಿಥೈಲ್‌ಬ್ಯುಟೇನ್‌ಗೆ ಪೊಟ್ಯಾಶಿಯಂ ಟರ್ಶಿಯರಿ ಬ್ಯುಟಾಕ್ಸೈಡ್ ಹಾಕಿದರೆ ಮುಖ್ಯ ಉತ್ಪನ್ನ ಯಾವುದು? ಕೀ ಬರೆಯುವವರು ಅವಸರದಲ್ಲಿ ಸೈಟ್ಸೆಫ್ ನಿಯಮ (ಹೆಚ್ಚು ಕಾರ್ಬನ್ ಗುಂಪುಗಳು ಅಂಟಿಕೊಂಡ ಡಬಲ್ ಬಾಂಡೇ ಹೆಚ್ಚಾಗಿ ಬರುತ್ತದೆ ಎಂಬುದು) ಹಿಡಿದು 2-ಮಿಥೈಲ್-2-ಬ್ಯುಟೀನ್ ಎಂದು ಬರೆದುಬಿಡುತ್ತಾರೆ. ಎಥಾಕ್ಸೈಡ್ ಆಗಿದ್ದರೆ ಅದೇ ಸರಿ. ಆದರೆ ಟರ್ಶಿಯರಿ ಬ್ಯುಟಾಕ್ಸೈಡ್ ದಪ್ಪ ಬೇಸ್ (ಹೈಡ್ರೋಜನ್ ಕೀಳುವ ವಸ್ತು), ಒಳಗಿನ ಹೈಡ್ರೋಜನ್ನಿಗೆ ಕೈ ಹಾಕಲಾಗದೆ ತುದಿಯ ಮಿಥೈಲ್‌ನದನ್ನು ಕೀಳುತ್ತದೆ. ಹೆಚ್ಚಾಗಿ, ಸುಮಾರು ಶೇ 70ರಷ್ಟು, 2-ಮಿಥೈಲ್-1-ಬ್ಯುಟೀನ್ ಬರುತ್ತದೆ. ಇದು ಗೊತ್ತಿದ್ದವರಿಗೆ ಸೊನ್ನೆ, ನಿಯಮ ಉರು ಹೊಡೆದವರಿಗೆ ಪೂರ್ಣಾಂಕ! ಇಲ್ಲಿ ಕರ್ವ್ ಬೇಡ, ಕೀ ತಿದ್ದಿ ಆ ಒಂದು ಪ್ರಶ್ನೆಯನ್ನು ಮತ್ತೆ ವ್ಯಾಲ್ಯುಯೇಷನ್ ಮಾಡಬೇಕು. ಪ್ರಶ್ನೆಯೇ ಅಸ್ಪಷ್ಟವಾಗಿದ್ದರೆ, ಅಂದರೆ ಬೇಸ್ ಯಾವುದೆಂದು ಹೇಳದೆ ಬರೀ ‘ಬೇಸ್’ ಎಂದಿದ್ದರೆ, ಎರಡೂ ಉತ್ತರಕ್ಕೆ ಅಂಕ ಕೊಡಿ.

ಅಂಕ ಕುಸಿಯಲು ಇನ್ನೊಂದು ದೊಡ್ಡ ಕಾರಣ ಸರಪಳಿ ಪ್ರಶ್ನೆ. ಎಯಿಂದ ಬಿ, ಬಿಯಿಂದ ಸಿ, ಸಿಯಿಂದ ಡಿ ಗುರುತಿಸಿ ಎನ್ನುವಲ್ಲಿ ಬಿ ತಪ್ಪಿದರೆ ಉಳಿದದ್ದೆಲ್ಲ ಹೋಯಿತು. ತಪ್ಪು ಬಿಯಿಂದ ಸರಿಯಾದ ತರ್ಕದಲ್ಲಿ ಸಿ ಬರೆದಿದ್ದರೆ ಸಿಯ ಅಂಕ ಕೊಡಬೇಕು ಎಂದು ಸ್ಕೀಮಿನಲ್ಲೇ, ಅಂದರೆ ಅಂಕ ಹಂಚಿಕೆಯ ಪಟ್ಟಿಯಲ್ಲೇ, ಬರೆದಿಡಿ. ರಿಯಾಕ್ಷನ್ ಹೆಜ್ಜೆಹೆಜ್ಜೆಯಾಗಿ ನಡೆಯುವುದನ್ನು ಬರೆಯುವ ಮೆಕ್ಯಾನಿಸಂಗೂ ಹಾಗೆಯೇ. ಬೇಸ್ ಬಳಸಿದ ಆಲ್ಡಾಲ್ ಕಂಡೆನ್ಸೇಷನ್ 5 ಅಂಕಕ್ಕಿದ್ದರೆ ಹೀಗೆ ಒಡೆಯಬಹುದು: ಆಲ್ಫಾ ಹೈಡ್ರೋಜನ್ ತೆಗೆದು ಈನೋಲೇಟ್ ಆಗುವ ಬಾಣಗಳಿಗೆ 1, ಈನೋಲೇಟಿನ ರೆಸೊನೆನ್ಸ್ ರಚನೆಗೆ 1, ಕಾರ್ಬೊನೈಲ್ ಕಾರ್ಬನ್ ಮೇಲೆ ದಾಳಿಗೆ 1, ಪ್ರೋಟಾನ್ ಸೇರಿ ಆಲ್ಡಾಲ್ ಆಗುವುದಕ್ಕೆ 1, ನೀರು ಹೋಗಿ ಡಬಲ್ ಬಾಂಡ್ ಬರುವುದಕ್ಕೆ 1. ಬಾಣವನ್ನು ಎಲೆಕ್ಟ್ರಾನ್ ಇರುವ ಕಡೆಯಿಂದ ಎಳೆಯದೆ ಹೈಡ್ರೋಜನ್‌ನಿಂದ ಎಳೆದಿದ್ದರೆ ಆ ಹೆಜ್ಜೆಯ ಅಂಕ ಮಾತ್ರ ಕತ್ತರಿಸಿ. ಇಬ್ಬರು ವ್ಯಾಲ್ಯುಯೇಷನ್ ಮಾಡುವಾಗ ಈ ಒಡೆತ ಇಲ್ಲದಿದ್ದರೆ ಒಬ್ಬರ 4 ಇನ್ನೊಬ್ಬರ ಕೈಯಲ್ಲಿ 2 ಆಗುತ್ತದೆ. ಎಷ್ಟೋ ಕಡೆ ‘ಕಷ್ಟದ ಪೇಪರ್’ ಎನ್ನಿಸಿಕೊಳ್ಳುವುದು ನಿಜಕ್ಕೂ ಸ್ಕೀಮೇ ಇಲ್ಲದ ಪೇಪರ್.

ಇಷ್ಟೆಲ್ಲ ಸರಿಮಾಡಿದ ಮೇಲೂ ಅಂಕ ಕಡಿಮೆಯಿದ್ದರೆ ಆಗ ಕೇಳಬೇಕಾದ ಪ್ರಶ್ನೆ: ಪೇಪರ್ ಕಷ್ಟವೋ, ತರಗತಿ ಹಿಂದೆಯೋ? ಇದಕ್ಕೆ ಮೊದಲೇ ಒಂದು ಏರ್ಪಾಡು ಬೇಕು. 60 ಅಂಕದ ಇಂಟರ್ನಲ್ ಟೆಸ್ಟಿನಲ್ಲಿ ಸುಮಾರು 15 ಅಂಕದ ಪ್ರಶ್ನೆಗಳು ಹಿಂದಿನ ಬ್ಯಾಚಿಗೆ ಕೊಟ್ಟವೇ ಆಗಿರಲಿ, ಅಕ್ಷರ ಬದಲಾಗದಂತೆ. ಅವುಗಳ ಸುಲಭತೆ ಹೋದ ವರ್ಷ 0.55 ಇದ್ದು ಈ ವರ್ಷವೂ 0.55 ಇದ್ದರೆ ತರಗತಿ ಹಿಂದೆ ಬಿದ್ದಿಲ್ಲ, ಉಳಿದ 45 ಅಂಕದ ಪ್ರಶ್ನೆಗಳು ಬಿಗಿಯಾದವು. ಕರ್ವ್ ಹಾಕಲು ನ್ಯಾಯ ಇದೆ. ಆ ಹಳೆಯ ಪ್ರಶ್ನೆಗಳಲ್ಲೂ 0.35ಕ್ಕೆ ಇಳಿದಿದ್ದರೆ ಕರ್ವ್ ಹಾಕಿ ಮುಚ್ಚಿಡಬೇಡಿ. ಸೀನಿಯರ್‌ಗಳ ಹಳೆಯ ಪೇಪರುಗಳು ಹಾಸ್ಟೆಲಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿರುತ್ತವೆ ಎಂಬುದೂ ನೆನಪಿರಲಿ. ಆ ಪ್ರಶ್ನೆಗಳಲ್ಲಿ ಮಾತ್ರ ಅಂಕ ಧುತ್ತೆಂದು ಏರಿದ್ದರೆ ಅವು ಸೋರಿವೆ, ಅಳತೆಗೆ ಬರುವುದಿಲ್ಲ.

ಕರ್ವ್ ಹಾಕುವ ವಿಧಾನಗಳು ಹಲವು. ಎಲ್ಲರಿಗೂ ಸಮನಾಗಿ ಸೇರಿಸುವುದು ತೀರ ಸರಳ, ಅಂತರ ಕೆಡುವುದಿಲ್ಲ. ಆದರೆ 58 ತೆಗೆದವರಿಗೆ ಸಿಗುವುದು ಎರಡೇ, ಖಾಲಿ ಪೇಪರ್ ಕೊಟ್ಟವರಿಗೆ ಐದೂ ಸಿಗುತ್ತದೆ. ಟಾಪರ್‌ನ ಅಂಕವನ್ನು 60 ಎಂದು ಮಾಡಿ ಉಳಿದವರನ್ನು ಅದೇ ಪ್ರಮಾಣದಲ್ಲಿ ಏರಿಸುವುದು ಇನ್ನೊಂದು. ಟಾಪರ್ 51 ಆಗಿದ್ದರೆ ಎಲ್ಲರಿಗೂ 1.176ರಿಂದ ಗುಣಾಕಾರ. ಇಡೀ ತರಗತಿಯ ಭಾಗ್ಯ ಒಬ್ಬರ ಪೇಪರಿಗೆ ನೇತುಬೀಳುತ್ತದೆ. ಆ ಹುಡುಗಿ 59 ತೆಗೆದರೆ ಯಾರಿಗೂ ಏನೂ ಸಿಗದು, ತರಗತಿಯ ಕಣ್ಣೆಲ್ಲ ಅವಳ ಮೇಲೆ. ಇದನ್ನು ಬಿಡುವುದೇ ಮೇಲು.

ವರ್ಗಮೂಲದ ವಿಧಾನ ಕೇಳಲು ಚೆಂದ: ಶೇಕಡಾ ಅಂಕದ ವರ್ಗಮೂಲವನ್ನು ಹತ್ತರಿಂದ ಗುಣಿಸುವುದು. 81 ಇದ್ದದ್ದು 90, 64 ಇದ್ದದ್ದು 80, 36 ಇದ್ದದ್ದು 60. ಆದರೆ ಅತಿ ಹೆಚ್ಚು ಲಾಭ 25 ತೆಗೆದವರಿಗೆ, ಅವರು 50 ಆಗುತ್ತಾರೆ. 16 ತೆಗೆದವರು 40ಕ್ಕೆ ಬಂದು ನಿಲ್ಲುತ್ತಾರೆ. ಪಾಸ್ ಗೆರೆ ಮೊದಲೇ ನಿಂತಿರುವ ನಮ್ಮ ಪದ್ಧತಿಯಲ್ಲಿ ಇದು ಗೆರೆಯನ್ನೇ ಅಳಿಸಿದ ಹಾಗೆ.

ನಮ್ಮ ಶಿಫಾರಸು ಎರಡು ತುಂಡಿನ ಗೆರೆ. ಸೊನ್ನೆ ಸೊನ್ನೆಯಾಗಿಯೇ, 60 ಅರವತ್ತಾಗಿಯೇ ಉಳಿಯುತ್ತದೆ, ಮೀಡಿಯನ್ ಮಾತ್ರ ಸರಿಯುತ್ತದೆ. ಒಂದೇ ದಿಬ್ಬದ ತರಗತಿ, ಮೀಡಿಯನ್ 27, ಹಿಂದಿನ ಬ್ಯಾಚಿನ ಹೋಲಿಕೆಯಿಂದ ಅದು 33 ಇರಬೇಕಿತ್ತು ಎಂದು ತಿಳಿದಿದೆ ಎನ್ನೋಣ. 27ರವರೆಗಿನ ಅಂಕವನ್ನು 33ರಿಂದ ಗುಣಿಸಿ 27ರಿಂದ ಭಾಗಿಸಿ. 27ಕ್ಕಿಂತ ಮೇಲಿದ್ದರೆ, ಮೇಲಿರುವ ಭಾಗವನ್ನು ಮಾತ್ರ 27ರಿಂದ ಗುಣಿಸಿ 33ರಿಂದ ಭಾಗಿಸಿ, ಬಂದದ್ದಕ್ಕೆ 33 ಸೇರಿಸಿ. 9 ಇದ್ದವರು 11, 18 ಇದ್ದವರು 22, 36 ಇದ್ದವರು ಸುಮಾರು 40, 54 ಇದ್ದವರು 55. ಯಾರ ಸ್ಥಾನವೂ ಅದಲುಬದಲಾಗುವುದಿಲ್ಲ, ಯಾರಿಗೂ ಕಡಿಮೆಯಾಗುವುದಿಲ್ಲ, ಯಾರೂ 60 ದಾಟುವುದಿಲ್ಲ. ಪಾಸ್ ಗೆರೆ 24 ಎಂದಾದರೆ 20 ತೆಗೆದವರು ದಾಟುತ್ತಾರೆ, 19ರವರು ದಾಟುವುದಿಲ್ಲ. ರೌಂಡ್ ಮಾಡುವುದು ಕೊನೆಗೆ ಒಂದೇ ಸಲ. ಪ್ರಶ್ನೆಗೊಮ್ಮೆ ಮಾಡಿದರೆ ಒಂದೆರಡು ಅಂಕ ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ.

ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಹಿಡಿದು ಒ, ಎ ಪ್ಲಸ್, ಎ ಎಂದು ಗ್ರೇಡ್ ಹಂಚುವ ಪದ್ಧತಿ ಇನ್ನೂರು ಮುನ್ನೂರು ಜನರ ತರಗತಿಗೆ ಸರಿ. ಹದಿನೆಂಟು ಜನರ ಎಂಎಸ್ಸಿ ತರಗತಿಗೆ ಹಾಕಿದರೆ ಒಬ್ಬರು ಗೈರಾದರೂ ಗೆರೆ ಸರಿದಾಡುತ್ತದೆ. ‘ಇಷ್ಟೇ ಜನರಿಗೆ ಎ’ ಎಂಬ ಕೋಟಾ ಇನ್ನೂ ಅಪಾಯ, ಪಕ್ಕದವರಿಗೆ ನೋಟ್ಸ್ ಕೊಟ್ಟರೆ ತನಗೆ ನಷ್ಟ ಎನ್ನುವ ಲೆಕ್ಕ ಶುರುವಾಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ಗ್ರೇಡುಗಳು ಶೇ 35 ದಾಟಬಾರದೆಂಬ ಗುರಿ ಇಟ್ಟು, 2014ರಲ್ಲಿ ಅದನ್ನು ಕೈಬಿಟ್ಟಿತು.

ಗಡಿಯಲ್ಲಿ ನಿಂತವರ ಬಗ್ಗೆ ಒಂದು ಲೆಕ್ಕ. ಟೆಸ್ಟಿನ ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅಂಕ ಎಷ್ಟರಮಟ್ಟಿಗೆ ಹಾಗೆಯೇ ಬರುತ್ತದೆ ಎಂಬುದು, ಪೂರ್ತಿ ಹಾಗೆಯೇ ಬಂದರೆ 1) 0.8, ಸ್ಟ್ಯಾಂಡರ್ಡ್ ಡೀವಿಯೇಷನ್ 10 ಇದ್ದರೆ ಒಬ್ಬರ ಅಂಕದಲ್ಲಿರುವ ಅಳತೆಯ ತಪ್ಪು ಸುಮಾರು 4.5. ಅಂದರೆ 41ಕ್ಕೂ 42ಕ್ಕೂ ನಡುವೆ ಎಳೆದ ಗೆರೆಗೆ ಅರ್ಥ ಬಹಳ ಕಡಿಮೆ. ಗ್ರೇಡಿನ ಗೆರೆ ನೀವೇ ಎಳೆಯುವಂತಿದ್ದರೆ ಯಾರೂ ಇಲ್ಲದ ಖಾಲಿ ಜಾಗ ಹುಡುಕಿ ಅಲ್ಲಿ ಎಳೆಯಿರಿ. ಎಳೆಯುವಂತಿಲ್ಲದಿದ್ದರೆ ಗೆರೆಯ ಕೆಳಗಿನ ಎರಡು ಅಂಕದೊಳಗಿನ ಪೇಪರುಗಳನ್ನೆಲ್ಲ, ಹೆಸರು ನೋಡದೆ, ಇನ್ನೊಬ್ಬರಿಂದ ಓದಿಸಿ. ಬಂದು ಕೇಳಿದವರ ಪೇಪರನ್ನು ಮಾತ್ರ ಓದಿಸಬೇಡಿ. ಕೇಳುವ ಧೈರ್ಯ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ.

ಪ್ರಾಕ್ಟಿಕಲ್ ಅಂಕಗಳ ವಿಷಯ ಚಿಕ್ಕದು. ಎಲ್ಲರಿಗೂ 25ಕ್ಕೆ 23, 24 ಹಾಕಿದ್ದರೆ ಕಾಗದದ ಮೇಲೆ ಅದರ ತೂಕ ಎಷ್ಟೇ ಇರಲಿ, ಸ್ಥಾನ ನಿರ್ಧಾರದಲ್ಲಿ ಅದರ ಪಾತ್ರ ಸೊನ್ನೆಗೆ ಹತ್ತಿರ. ಅಂಕಗಳು ಹರಡಿರುವ ಥಿಯರಿ ಪೇಪರೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಕೊನೆಗೆ ನೋಟಿಸ್ ಬೋರ್ಡು. ಮೂಲ ಅಂಕ, ಹೊಂದಿಸಿದ ಅಂಕ ಎರಡನ್ನೂ ರಿಜಿಸ್ಟರ್ ನಂಬರಿನ ಮುಂದೆ ಹಾಕಿ. ಸೂತ್ರವನ್ನು ಒಂದು ಸಾಲಿನಲ್ಲಿ ಬರೆಯಿರಿ, ಕೈಬಿಟ್ಟ ಅಥವಾ ಮತ್ತೆ ತಿದ್ದಿದ ಪ್ರಶ್ನೆಯ ಸಂಖ್ಯೆ ಮತ್ತು ಕಾರಣ ಹೇಳಿ, ಆಕ್ಷೇಪಣೆಗೆ ಮೂರು ಕೆಲಸದ ದಿನ ಕೊಡಿ. ಪ್ರಶ್ನೆವಾರು ಶೀಟ್, ಹಿಸ್ಟೋಗ್ರಾಂ, ಎಚ್‌ಓಡಿ ಸಹಿ ಹಾಕಿದ ನಡಾವಳಿ ಮೂರನ್ನೂ ಒಂದೇ ಫೈಲಿನಲ್ಲಿ ಇಡಿ. ಮುಂದಿನ ಬ್ಯಾಚಿನ ಟೆಸ್ಟಿಗೆ ಆ 15 ಅಂಕದ ಹಳೆಯ ಪ್ರಶ್ನೆಗಳನ್ನು ಆರಿಸುವುದು ಇದೇ ಫೈಲಿನಿಂದ.